ಮೂಳೆ ಮೇಡಂಗೆ ಪಾಠ ಹೇಳಿದವರು

ಅವರಿಗೆ ಮೂಳೆ ಮೇಡಂ ಎಂದು ಹೆಸರಿಟ್ಟವರು ಮೂವತ್ತು ವರ್ಷದ ಹಿಂದಿನ ಯಾವುದೋ ಬ್ಯಾಚಿನ ಕಿಡಿಗೇಡಿಗಳು. ಹೆಸರು ಇಟ್ಟ ಗಳಿಗೆ ಚೆನ್ನಾಗಿತ್ತು, ಅಂಟಿಕೊಂಡಿತು. ಅಂಟದೆ ಏನು ಮಾಡೀತು? ಮದುವೆಮನೆಯಲ್ಲಿ ಊರವರೆಲ್ಲ ಹುಡುಗಿಯ ಕೊರಳಿನ ಸರ ನೋಡುತ್ತಿದ್ದರೆ ಇವರು ಸರದ ಹಿಂದಿನ ಕೊರಳೆಲುಬು ನೋಡಿ, ‘ಚಿಕ್ಕಂದಿನಲ್ಲಿ ಒಮ್ಮೆ ಮುರಿದಿದೆ, ಆದರೆ ಚೆನ್ನಾಗಿ ಕೂಡಿಕೊಂಡಿದೆ’ ಎಂದು ಪಕ್ಕದವರ ಕಿವಿಯಲ್ಲಿ ಹೇಳುವವರು. ಬಸ್ಸಿನಲ್ಲಿ ಮುಂದಿನ ಸೀಟಿನವರ ಕತ್ತು ನೋಡುತ್ತ ಇಳಿಯುವ ಸ್ಟಾಪ್ ಮರೆತವರು. ‘ಇವಳು ನನ್ನ ಗುಣ ನೋಡಿ ಮದುವೆ ಆಗಲಿಲ್ಲ, ಬೆನ್ನೆಲುಬು ನೆಟ್ಟಗಿದೆ ಅಂತ ಆದಳು’ ಎಂದು ಅವರ ಗಂಡ ನೆಂಟರ ಮುಂದೆ ಹೇಳಿಕೊಂಡು ನಗುತ್ತಿದ್ದರು. ಮೇಡಂ ಅದನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ.

ಇಂಥ ಮೇಡಂ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಮೂವತ್ತಾರು ವರ್ಷ ಪಾಠ ಮಾಡಿದರು. ಅದರಲ್ಲಿ ಹದಿಮೂರು ವರ್ಷ ವಿಭಾಗದ ಮುಖ್ಯಸ್ಥರು. ಅವರ ಕೈಯಲ್ಲಿ ಮೂಳೆ ಎಣಿಸಲು ಕಲಿತವರು ಈಗ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಹೊಟ್ಟೆ, ತಲೆ, ಎದೆ ತೆರೆದು ಮುಚ್ಚುತ್ತಿದ್ದಾರೆ. ಅವರು ಬರೆದ ಡಿಸೆಕ್ಷನ್ ಕೈಪಿಡಿ ಆರು ಮುದ್ರಣ ಕಂಡಿದೆ. ಅದರ ಮೊದಲ ಪುಟದಲ್ಲಿ ಒಂದೇ ಒಂದು ಸಾಲು: ‘ಕತ್ತರಿಸಬೇಡಿ, ಬಿಡಿಸಿ.’ ಚಾಕು ಹಿಡಿದು ಕತ್ತರಿಸಲು ಯಾರಿಗೆ ಬೇಕಾದರೂ ಬರುತ್ತದೆ. ಕೊಬ್ಬು, ಪೊರೆಗಳ ನಡುವೆ ಅಡಗಿ ಕುಳಿತ ನರವನ್ನೋ ನಾಳವನ್ನೋ ಹರಿಯದಂತೆ ಹೊರಗೆ ತೋರಿಸುವುದೇ ವಿದ್ಯೆ ಎಂದು ಅದರ ಅರ್ಥ. ಸರ್ಜನ್ನರು ಆಪರೇಷನ್ ಥಿಯೇಟರಿನಲ್ಲಿ ತಮ್ಮ ಶಿಷ್ಯರಿಗೆ ಈ ಮಾತು ಹೇಳುತ್ತಾರೆ. ಒಂದು ಬ್ಯಾಚಿನವರಂತೂ ಅದನ್ನು ಅಂಗಿಯ ಬೆನ್ನ ಮೇಲೆ ಅಚ್ಚು ಹಾಕಿಸಿಕೊಂಡು ಕಾಲೇಜು ತುಂಬ ತಿರುಗಾಡಿದರು.

ಆ ಮಾತು ಮೇಡಂ ಅವರದಲ್ಲ. ಮುಚ್ಚಿಟ್ಟು ಹೇಳುವ ಚಾಳಿ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅದು ಡಿಸೆಕ್ಷನ್ ಹಾಲ್‌ನ ಅಟೆಂಡರ್ ಅಣ್ಣನ ಮಾತು.

ಮೇಡಂ ಟ್ಯೂಟರ್ ಆಗಿ ಸೇರಿದ ಮೊದಲ ವಾರ ಅದು. ಆಗಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದರು. ಅವರು ಕಾರಿಡಾರಿನ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಯಲ್ಲಿ ಟ್ಯೂಟರುಗಳು ಎದ್ದು ನಿಲ್ಲುತ್ತಿದ್ದರು. ಹತ್ತು ಗಂಟೆಗೆ ಅರವತ್ತು ವಿದ್ಯಾರ್ಥಿಗಳಿಗೆ ಶವದ ಕತ್ತಿನ ಮಗ್ಗುಲು ತೋರಿಸಬೇಕು, ಮೊದಲೇ ಬಿಡಿಸಿ ಸಿದ್ಧವಾಗಿಡಿ ಎಂದು ಅವರ ಅಪ್ಪಣೆಯಾಗಿತ್ತು. ಮೇಡಂ ಬೆಳಗ್ಗೆ ಏಳಕ್ಕೇ ಬಂದು ಚಾಕು ಹಿಡಿದರು. ಕತ್ತಿನ ಆ ಜಾಗದಲ್ಲಿ ಹೆಗಲು ಎತ್ತುವ ನರವೊಂದಿದೆ. ‘ನನಗೇನು ಗೊತ್ತು’ ಎಂದು ನಾವೆಲ್ಲ ಭುಜ ಹಾರಿಸುತ್ತೇವಲ್ಲ, ಅದು ಈ ನರದ ಕೃಪೆ. ದಾರದಷ್ಟು ತೆಳ್ಳಗೆ, ಚರ್ಮಕ್ಕೆ ತೀರ ಹತ್ತಿರದಲ್ಲೇ ಹಾದುಹೋಗುತ್ತದೆ. ಹೊಸಬರು ಅದನ್ನು ಎಲ್ಲೋ ಆಳದಲ್ಲಿದೆ ಎಂದುಕೊಂಡು ಹುಡುಕುತ್ತ, ಮೇಲೇ ಇದ್ದುದನ್ನು ಕೊಬ್ಬಿನ ಜೊತೆ ಕತ್ತರಿಸಿ ಬಕೆಟ್ಟಿಗೆ ಹಾಕಿಬಿಡುತ್ತಾರೆ. ಚಿನ್ನದ ಪದಕ ಗೆದ್ದು ಬಂದಿದ್ದ ಮೇಡಂ ಕೂಡ ಅದನ್ನೇ ಮಾಡಿದರು. ಒಂಬತ್ತು ಗಂಟೆಗೆ ಬಕೆಟ್ಟಿನಲ್ಲಿ ಆ ಬಿಳಿಯ ತುಂಡು ಕಣ್ಣಿಗೆ ಬಿತ್ತು. ಗುಂಡಿಗೆ ಎಷ್ಟನೆಯ ಪಕ್ಕೆಲುಬಿನಿಂದ ಎಷ್ಟನೆಯದರವರೆಗೆ ಇರುತ್ತದೆಂದು ಅಳತೆ ಸಮೇತ ಬಲ್ಲವರಿಗೂ ಅದು ಬಾಯಿಗೆ ಬಂತು.

ಅಣ್ಣ ಆ ಹೊತ್ತಿಗೆ ನೆಲ ಒರೆಸುತ್ತಿದ್ದರು. ಮೇಡಂಗಿಂತ ಹತ್ತು ವರ್ಷ ದೊಡ್ಡವರು. ಹತ್ತಿರ ಬಂದು ಬಕೆಟ್ ನೋಡಿದರು, ಮೇಡಂ ಮುಖ ನೋಡಿದರು.

‘ಹೋಯ್ತಾ?’

‘ಹೋಯ್ತು ಅಣ್ಣ.’

‘ಅಳೋದಾದ್ರೆ ಹನ್ನೊಂದು ಗಂಟೆ ಮೇಲೆ ಅಳಿ. ಈಗ ಈ ಕಡೆ ಕೈ ಕೊಡಿ, ತಲೆ ಆ ಕಡೆ ತಿರುಗಿಸೋಣ. ದೇವರು ಕತ್ತಿಗೆ ಎರಡು ಮಗ್ಗುಲು ಕೊಟ್ಟಿರೋದು ಯಾಕೆ ಅಂದ್ಕೊಂಡ್ರಿ? ಟ್ಯೂಟರುಗಳಿಗೋಸ್ಕರಾನೇ.’

ಅವರು ಮೇಡಂ ಕೈಯಿಂದ ಚಾಕು ತೆಗೆದುಕೊಂಡು, ತುದಿ ಮೊಂಡಾದ ಕತ್ತರಿ ಕೊಟ್ಟರು. ‘ಬಾಯಿ ಮುಚ್ಚಿ ಒಳಗೆ ಬಿಡಿ. ನಿಮ್ಮ ಬಾಯಲ್ಲ, ಕತ್ತರಿ ಬಾಯಿ. ಒಳಗೆ ಹೋದ್ಮೇಲೆ ಮೆಲ್ಲಗೆ ತೆರೀರಿ. ಕೊಬ್ಬು ಬಡಪಾಯಿ, ತಾನಾಗೇ ಪಕ್ಕಕ್ಕೆ ಸರಿಯತ್ತೆ. ನರ ಜಗ್ಗಲ್ಲ. ಕತ್ತರಿಸಬೇಡಿ ತಾಯಿ, ಬಿಡಿಸಿ. ತಲೆಗೂದಲ ಸಿಕ್ಕು ಬಿಡಿಸಲ್ವಾ, ಹಾಗೆ.’ ಆ ನರದ ದೊಡ್ಡ ಹೆಸರು ಅವರಿಗೆ ಗೊತ್ತಿರಲಿಲ್ಲ. ಹೆಗಲ ದಾರ ಎನ್ನುತ್ತಿದ್ದರು. ಆದರೆ ಅದು ಎಲ್ಲಿ ಸಿಗುತ್ತದೆ, ಎಲ್ಲಿ ತಿರುಗುತ್ತದೆ, ಯಾವ ಮುದುಕರಲ್ಲಿ ಎಷ್ಟು ದಪ್ಪವಿರುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು.

ಹತ್ತಕ್ಕೆ ದೊಡ್ಡ ಸಾರ್ ಬಂದರು. ಕನ್ನಡಕ ಏರಿಸಿ, ಬಗ್ಗಿ, ತುಂಬ ಹೊತ್ತು ನೋಡಿದರು. ‘ಯಾರು ಮಾಡಿದ್ದು ಇದನ್ನ?’ ಎಂದರು. ಅಣ್ಣ ನೆಲ ಒರೆಸುವ ಕೋಲು ಹಿಡಿದು ಕಿಟಕಿಯ ಆಚೆ ಏನೋ ಭಾರಿ ವಿಶೇಷ ನಡೆದಿದೆ ಎನ್ನುವಂತೆ ನೋಡುತ್ತಿದ್ದರು. ‘ನಾನು ಸಾರ್’ ಎಂದರು ಮೇಡಂ. ‘ಕೈ ಚೆನ್ನಾಗಿದೆ’ ಎಂದರು ದೊಡ್ಡ ಸಾರ್. ಮೇಡಂ ಹೇಳಿದ್ದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅವರ ವೃತ್ತಿ ಶುರುವಾದದ್ದು ಆ ಗಳಿಗೆಯಿಂದ.

ಆಮೇಲೆ ಇಪ್ಪತ್ತೆಂಟು ವರ್ಷ ಇಬ್ಬರೂ ಒಂದೇ ಹಾಲ್‌ನಲ್ಲಿ ಕೆಲಸ ಮಾಡಿದರು. ದೇಹ ಬಂದರೆ ಅದನ್ನು ತೊಳೆದು, ತಲೆ ಬಾಚಿ, ಉಗುರು ಕತ್ತರಿಸಿ, ತೊಡೆಯ ನಾಳ ಹುಡುಕಿ, ಕೆಡದಂತೆ ಫಾರ್ಮಾಲಿನ್ ಏರಿಸುವುದು ಅಣ್ಣನ ಕೆಲಸ. ಯಾರೂ ಇಲ್ಲದ ಅನಾಥ ದೇಹವಾದರೂ ಸರಿ, ಮಂತ್ರಿಯ ಮಾವನಾದರೂ ಸರಿ, ಅದೇ ಬಿಸಿನೀರು, ಅದೇ ಬಾಚಣಿಗೆ. ಮೇಡಂ ಅವರಿಂದ ಕಲಿತದ್ದನ್ನೆಲ್ಲ ಅಚ್ಚುಕಟ್ಟಾದ ಭಾಷೆಯಲ್ಲಿ ಬರೆದು ಪುಸ್ತಕ ಮಾಡಿದರು. ಮೊದಲ ಮುದ್ರಣಕ್ಕೆ ದೊಡ್ಡ ಸಾರ್ ಮುನ್ನುಡಿ ಬರೆದಿದ್ದರು. ಮೊದಲ ಪುಟದ ಮಾತು ಅಟೆಂಡರ್ ಒಬ್ಬರದು ಎಂದು ಹೇಳಲು ಆಗ ಧೈರ್ಯ ಸಾಲಲಿಲ್ಲ. ಎರಡನೆಯದಕ್ಕೆ ಸೇರಿಸೋಣ ಎಂದುಕೊಂಡರು. ಮೂರನೆಯ ಮುದ್ರಣದ ಹೊತ್ತಿಗೆ ಲೋಕವೆಲ್ಲ ಅದನ್ನು ಮೂಳೆ ಮೇಡಂ ಮಾತು ಎನ್ನತೊಡಗಿತ್ತು. ಹತ್ತು ಜನ ನಮ್ಮದೆಂದು ಹೇಳಿದ್ದು ನಮ್ಮದೇ ಇರಬಹುದೇನೋ ಅನ್ನಿಸಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಅಣ್ಣ ನಿವೃತ್ತರಾಗಿ ಎಂಟು ವರ್ಷವಾಯಿತು. ಮೇಡಂ ನಿವೃತ್ತಿಗೆ ಏಳು ವಾರ ಉಳಿದಿದ್ದಾಗ ಅಣ್ಣನ ಫೋನ್ ಬಂತು. ಎರಡು ಮಾತಿಗೆ ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ‘ಒಂದ್ಸಲ ಮನೆಗೆ ಬಂದು ಹೋಗಿ ಮೇಡಂ. ಒಂದು ಕೆಲಸ ಇದೆ.’

ಭಾನುವಾರ ಮಧ್ಯಾಹ್ನ ಮೇಡಂ ಹೋದರು. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮೂವತ್ತಾರು ವರ್ಷದಲ್ಲಿ ಮೇಡಂ ಆ ಹೊಸ್ತಿಲು ತುಳಿದದ್ದು ಅದೇ ಮೊದಲು ಎಂಬುದು ಒಳಗೆ ಕಾಲಿಟ್ಟ ಮೇಲೆ ಅವರಿಗೆ ಹೊಳೆಯಿತು. ಅಣ್ಣ ಮೂರು ದಿಂಬಿಗೆ ಒರಗಿ ಕೂತಿದ್ದರು. ಪಾದಗಳು ಊದಿಕೊಂಡಿದ್ದವು. ಕತ್ತಿನ ಪಕ್ಕದ ರಕ್ತನಾಳ ಕಿವಿಯವರೆಗೂ ಉಬ್ಬಿ ಅದುರುತ್ತಿತ್ತು. ಅದನ್ನು ನೋಡಿದ್ದೇ ತಡ, ಹೃದಯ ಎಷ್ಟು ಸೋತಿದೆ, ಇನ್ನೆಷ್ಟು ದಿನ ಎಂಬುದನ್ನು ಮೇಡಂ ಲೆಕ್ಕ ಹಾಕಿಯಾಗಿತ್ತು. ಹಾಳು ವಿದ್ಯೆ, ಬೇಡವೆಂದರೂ ಬಿಡುವುದಿಲ್ಲ.

‘ನೋಡಾಯ್ತಾ?’ ಅಣ್ಣ ನಕ್ಕರು. ‘ನನಗೂ ಗೊತ್ತು ಮೇಡಂ. ಕನ್ನಡೀಲಿ ದಿನಾ ನೋಡ್ತೀನಿ.’ ದಿಂಬಿನ ಕೆಳಗಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟರು. ದೇಹದಾನದ ಅರ್ಜಿ. ಎಲ್ಲ ತುಂಬಿತ್ತು. ಬೇರೆ ಊರಿನಲ್ಲಿರುವ ಮಗಳು ಬಂದಾಗ ಸಹಿ ಹಾಕಿ ಹೋಗಿದ್ದಳು. ಹೆಂಡತಿಯ ಸಹಿಯ ಜಾಗ ಮಾತ್ರ ಖಾಲಿ. ಅದಿಲ್ಲದೆ ಕಾಲೇಜು ದೇಹ ತೆಗೆದುಕೊಳ್ಳುವುದಿಲ್ಲ.

‘ಇವಳು ಹಾಕಲ್ಲ ಅಂತ ಪಟ್ಟು ಹಿಡಿದು ಕೂತಿದಾಳೆ. ನೀವು ವೇದಿಕೆ ಮೇಲೆ ನಿಂತು ಮಾತಾಡಿದ್ರೆ ಊರಿಗೆ ಊರೇ ಸಾಲು ನಿಂತು ಸಹಿ ಹಾಕತ್ತೆ. ಇವಳೊಬ್ಬಳಿಗೆ ಹೇಳಿ.’

‘ಅಣ್ಣ, ಇದೇ ಯಾಕೆ ಬೇಕು ನಿಮಗೆ?’

‘ಸಾವಿರದಿನ್ನೂರು ಜನಾನ ಆ ಟೇಬಲ್ ಮೇಲೆ ಮಲಗಿಸಿದೀನಿ. ಅಷ್ಟೂ ಜನಾನ ಕೊಟ್ಟು ನಾನು ಮಾತ್ರ ತಪ್ಪಿಸ್ಕೊಂಡು ಹೋದ್ರೆ ಮರ್ಯಾದೆಯಾ?’ ಉಸಿರು ಎಳೆದುಕೊಂಡರು. ‘ನಿಮ್ಮ ಹತ್ರ ಇದುವರೆಗೆ ಏನೂ ಕೇಳಿಲ್ಲ ಮೇಡಂ.’

ಅದು ನಿಜವಾಗಿತ್ತು. ಅದಕ್ಕೇ ಮೇಡಂ ಕಾಗದ ಹಿಡಿದು ಸೀದಾ ಅಡುಗೆಮನೆಗೆ ಹೋದರು.

ಅಣ್ಣನ ಹೆಂಡತಿ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ. ಮೇಡಂ ಅವರ ಎದುರು ನೆಲದ ಮೇಲೇ ಕೂತರು. ‘ಅತ್ತಿಗೆ’ ಎಂದು ಶುರು ಮಾಡಿದರು.

‘ಮೂವತ್ತಾರು ವರ್ಷ ಅಣ್ಣ ಅಣ್ಣ ಅಂದ್ರಿ. ಅತ್ತಿಗೆ ಅಂತ ಒಬ್ಬಳಿದಾಳೆ ಅನ್ನೋದು ಇವತ್ತು ನೆನಪಾಯ್ತಾ?’

ಮೇಡಂ ಆ ಏಟನ್ನು ನುಂಗಿಕೊಂಡು ತಮ್ಮ ಮಾತಿಗೆ ಬಂದರು. ‘ನೋಡಿ, ದೇಹದಾನ ಅನ್ನೋದು...’

‘ಭಾಷಣ ಬೇಡ. ಅದನ್ನ ಇವರೇ ದಿನಕ್ಕೆರಡು ಸಲ ಮಾಡ್ತಾರೆ, ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು.’ ಅವರು ಈಳಿಗೆಯಿಂದ ಕೈ ತೆಗೆದು ಮೊದಲ ಬಾರಿಗೆ ಮೇಡಂ ಮುಖ ನೋಡಿದರು. ‘ಆ ನಿಮ್ಮ ಔಷಧಿ ವಾಸನೆ ಜೊತೆ ಸಂಸಾರ ಮಾಡಿದೋಳು ನಾನು. ದಿಂಬಲ್ಲಿ ವಾಸನೆ, ತಟ್ಟೇಲಿ ವಾಸನೆ. ಮಗಳನ್ನ ಎತ್ಕೊಂಡ್ರೆ ಮಗಳ ಮೈಯಲ್ಲೂ ಅದೇ. ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ಬಿಸಿನೀರು ಇಡ್ತಿದ್ದೆ, ತಿಕ್ಕಿ ತಿಕ್ಕಿ ತೊಳೆದ್ರೂ ಹೋಗ್ತಿರಲಿಲ್ಲ. ರಿಟೈರ್ ಆಗಿ ಎರಡು ವರ್ಷ ಬೇಕಾಯ್ತು ಅದು ಹೋಗೋಕೆ. ಈಗ ಆರು ವರ್ಷದಿಂದ ನನ್ನ ಗಂಡ ನನ್ನ ಗಂಡನ ಥರ ಇದಾರೆ. ಮತ್ತೆ ಅಲ್ಲಿಗೇ ಕಳಿಸು ಅಂತೀರಾ?’

ನೂರಾರು ಮನೆಗಳವರನ್ನು ದೇಹದಾನಕ್ಕೆ ಒಪ್ಪಿಸಿ ಬಂದಿದ್ದ ಮೇಡಂ ಕೈಯಲ್ಲಿದ್ದ ಕಾಗದವನ್ನು ಮಡಿಲಿಗೆ ಇಳಿಸಿದರು.

‘ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಲ್ಲಿ ನೋಡಿ ಗೂಡಲ್ಲಿ, ನಿಮ್ಮ ಪುಸ್ತಕ. ಪ್ರತಿಸಲ ಹೊಸದು ಬಂದಾಗ ತಂದು ರಟ್ಟು ಹಾಕಿ ಇಡ್ತಾರೆ. ಇಷ್ಟು ಜೋಪಾನ ಮಾಡ್ತಾರಲ್ಲ, ಇವರ ಬಗ್ಗೆ ಏನಾದ್ರೂ ಬರೆದಿರಬೇಕು ಅಂತ ಮಗಳ ಹತ್ರ ಹುಡುಕಿಸಿದೆ. ಟೈಪ್ ಮಾಡಿದೋರಿಗೂ ಕೃತಜ್ಞತೆ ಅಂತ ಇದೆಯಂತೆ. ಇವರಿಗಿಲ್ಲ. ಬದುಕಿದ್ದಾಗ ನಿಮ್ಮ ಪುಸ್ತಕದಲ್ಲಿ ಒಂದು ಸಾಲಿಲ್ಲ, ಸತ್ತಮೇಲೆ ನಿಮ್ಮ ಹಾಲ್‌ನಲ್ಲಿ ಕಾಲಿಗೊಂದು ನಂಬರು. ಇದಕ್ಕೆ ನಾನು ಸಹಿ ಹಾಕಬೇಕಾ?’

ನೆಲ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದರು ಮೇಡಂ. ಕೊನೆಗೆ ಎಲ್ಲವನ್ನೂ ಹೇಳಿದರು. ಕತ್ತರಿಸಿದ ನರ, ಬಕೆಟ್ಟು, ಮೊಂಡು ಕತ್ತರಿ, ದೊಡ್ಡ ಸಾರ್ ಮೆಚ್ಚಿದ್ದು, ಕಿಟಕಿಯ ಆಚೆ ನೋಡುತ್ತ ನಿಂತ ಅಣ್ಣ. ‘ಆ ಪುಸ್ತಕದ ಮೊದಲನೇ ಮಾತು ಅವರದು ಅತ್ತಿಗೆ. ಒಳಗಿನದೂ ಮುಕ್ಕಾಲು ಪಾಲು ಅವರ ಕೈಯಿಂದ ಬಂದದ್ದು. ನನಗೆ ಪಾಠ ಹೇಳಿಕೊಟ್ಟೋರು ಅವರು. ಅದನ್ನ ಬರೆಯೋಕೆ ಮೊದಲು ಹೆದರಿದೆ, ಆಮೇಲೆ ಮರೆತೆ, ಆಮೇಲೆ ಮರೆತಂತೆ ನಟಿಸಿದೆ.’

ಅತ್ತಿಗೆಯ ಕೈಯಲ್ಲಿದ್ದ ತರಕಾರಿ ಕೈಯಲ್ಲೇ ಉಳಿಯಿತು. ‘ಪಾಠ? ನಮ್ಮ ಮನೆಯವ್ರು? ನಿಮಗಾ?’

‘ನನಗೇ.’

‘ಅಲ್ಲಿ ಒರೆಸೋದು, ಎಳೆಯೋದು, ತೊಳೆಯೋದು ಮಾಡ್ತಾರೆ ಅಂತಲ್ವಾ ನಾನು...’

ಮೇಡಂ ಅರ್ಜಿಯನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡರು. ‘ಇದಕ್ಕೆ ನೀವು ಸಹಿ ಹಾಕಬೇಡಿ. ಅವರಿಗೆ ನಾನು ಕೊಡಬೇಕಾಗಿದ್ದನ್ನ ನಿಮ್ಮ ಕೈಯಿಂದ ಕೊಡಿಸೋಕೆ ಬಂದೆ. ತಪ್ಪು ನಂದು, ಹೊಟ್ಟೆಗೆ ಹಾಕ್ಕೊಳ್ಳಿ. ಅಣ್ಣನಿಗೆ ಆಗಲ್ಲ ಅಂತ ನಾನೇ ಹೇಳ್ತೀನಿ.’

ಅವರು ಏಳುವ ಮೊದಲೇ ಅತ್ತಿಗೆ ಎದ್ದು ಕೋಣೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ‘ಏನ್ರೀ, ಇಷ್ಟು ದೊಡ್ಡ ಮೇಡಂಗೆ ಪಾಠ ಹೇಳಿದ್ರಂತೆ? ಒಂದು ದಿನಾನಾದ್ರೂ ನನ್ನ ಹತ್ರ ಬಾಯಿ ಬಿಟ್ರಾ?’

‘ಹೇಗೆ ಬಿಡ್ಲಿ?’ ಎಂದರು ಅಣ್ಣ. ‘ನಾನು ಬಂದ ತಕ್ಷಣ ನೀನು ಮೂಗು ಮುಚ್ಕೊಂಡು ನಾಲ್ಕು ಮಾರು ದೂರ ಕೂರ್ತಿದ್ದೆ. ಕೂಗಿ ಹೇಳ್ಬೇಕಿತ್ತಾ?’

ಅತ್ತಿಗೆಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟು ಬಂತು. ಎರಡೂ ಆದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮಂಚದ ತುದಿಯಲ್ಲಿ ಗಂಡನ ಊದಿದ ಪಾದದ ಪಕ್ಕ ಕೂತರು. ಓಣಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

‘ಯಾರ ದೇಹ ಅಂತ ಅಲ್ಲಿ ಮಕ್ಕಳಿಗೆ ಹೇಳಲ್ವಂತೆ, ಹೌದಾ?’ ಎಂದರು ಅತ್ತಿಗೆ.

‘ಹೇಳಲ್ಲ. ನಿಯಮ.’

‘ಯಾರು ಮಾಡಿದ್ದು?’

ಮೇಡಂ ತಲೆ ತಗ್ಗಿಸಿದರು. ‘ನಾನೇ.’

‘ಹಾಗಾದ್ರೆ ಮುರಿಯೋದೂ ನೀವೇ. ಪುಸ್ತಕ ಯಾವಾಗಾದ್ರೂ ಸರಿ ಮಾಡ್ಕೊಳ್ಳಿ, ನನಗೆ ಓದು ಅಷ್ಟಕ್ಕಷ್ಟೇ. ಚಾಕು ಇಡೋ ಮೊದಲನೇ ದಿನ ನಾನು ಅಲ್ಲಿಗೆ ಬರ್ತೀನಿ. ಇವರು ನಿಮಗೆ ಏನಾಗಬೇಕು ಅನ್ನೋದನ್ನ ಆ ಮಕ್ಕಳಿಗೆ ನನ್ನೆದುರು ನಿಮ್ಮ ಬಾಯಿಂದ ಹೇಳ್ಬೇಕು. ಆಗತ್ತಾ?’

‘ಆಗತ್ತೆ ಅತ್ತಿಗೆ.’

‘ಕೊಡಿ ಆ ಕಾಗದ.’ ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಸಹಿ ಹಾಕಿದರು. ಅಣ್ಣ ಏನೋ ಹೇಳಲು ಹೋದರು. ‘ನೀವು ಸುಮ್ನಿರಿ, ಉಸಿರು ಉಳಿಸ್ಕೊಳ್ಳಿ’ ಎಂದು ಗದರಿ, ಮೇಡಂಗೆ ಚಹಾ ಇಡಲು ಎದ್ದರು.

ಹತ್ತೊಂಬತ್ತನೆಯ ದಿನ ಅಣ್ಣ ಹೋದರು. ಕಾಲೇಜಿನ ಗಾಡಿ ಬರುವ ಮೊದಲು ಅತ್ತಿಗೆ ಅವರಿಗೆ ಮನೆಯಲ್ಲೇ ಸ್ನಾನ ಮಾಡಿಸಿದರು. ಮೇಡಂ ನೀರು ಹೊತ್ತು ತಂದುಕೊಟ್ಟರು. ಮುಂದಿನ ತಿಂಗಳು ಮೇಡಂ ನಿವೃತ್ತರಾದರು. ಸನ್ಮಾನದ ಸಭೆಯಲ್ಲಿ ಸರ್ಜನ್ನರು ಸಾಲಾಗಿ ಬಂದು ಹೊಗಳಿದರು. ಮೇಡಂ ಎದ್ದು ಕೈಮುಗಿದು ಎರಡೇ ಮಾತಾಡಿ ಕೂತರು. ಅವರು ಆಡಬೇಕಾದ ಮಾತು ಬೇರೆ ಕಡೆ ಇತ್ತು, ಅದರ ದಿನ ಇನ್ನೂ ಬಂದಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮೊದಲ ವರ್ಷದ ಮಕ್ಕಳು ಬಂದರು. ಹೊಸ ಮುಖ್ಯಸ್ಥ ಮೇಡಂ ಅವರ ಶಿಷ್ಯನೇ, ನಿಯಮದ ಮಾತೆತ್ತದೆ ಇಬ್ಬರನ್ನೂ ಕರೆದ. ಅತ್ತಿಗೆ ತೊಳೆದ ಸೀರೆ ಉಟ್ಟು, ಮೇಡಂ ಕೈ ಹಿಡಿದು ಹಾಲ್‌ನ ಒಳಗೆ ಬಂದರು. ವಾಸನೆ ಮುಖಕ್ಕೆ ಬಡಿಯಿತು. ಮಕ್ಕಳಲ್ಲಿ ಅರ್ಧ ಜನ ಮೂಗಿಗೆ ಕೈ ಹಿಡಿದಿದ್ದರು. ಅತ್ತಿಗೆ ಹಿಡಿಯಲಿಲ್ಲ. ಸೀದಾ ಟೇಬಲ್ಲಿನ ತಲೆಯ ಕಡೆ ಹೋಗಿ ಸ್ಟೂಲಿನ ಮೇಲೆ ಕೂತರು.

ಮೇಡಂ ಮುಖದ ಮೇಲಿನ ಬಟ್ಟೆ ಸರಿಸಿದರು. ಟಿಪ್ಪಣಿ ಇರಲಿಲ್ಲ, ಚಿತ್ರವಿರಲಿಲ್ಲ. ‘ಈ ಟೇಬಲ್ ಮೇಲಿರೋರು ಯಾರು ಅಂತ ಇದುವರೆಗೆ ನಾನು ಯಾವ ಬ್ಯಾಚಿಗೂ ಹೇಳಿಲ್ಲ. ಇವತ್ತು ಹೇಳ್ತೀನಿ. ಇವರು ಇದೇ ಹಾಲ್‌ನ ಅಟೆಂಡರ್ ಆಗಿದ್ದರು. ನನ್ನ ಮೇಷ್ಟ್ರು. ನಿಮ್ಮ ಕೈಯಲ್ಲಿರೋ ಪುಸ್ತಕದ ಮೊದಲನೇ ಸಾಲು ಇವರದು, ನಾನು ನನ್ನದು ಅಂತ ಹಾಕ್ಕೊಂಡಿದ್ದೆ. ಇವರು ಇಲ್ಲದೇ ಹೋಗಿದ್ದರೆ ನಾನು ಮೊದಲನೇ ವಾರವೇ ಅಳ್ತಾ ಮನೆಗೆ ಹೋಗಿರ್ತಿದ್ದೆ.’ ಆಮೇಲೆ ಆ ನರದ ಕಥೆಯನ್ನು ಒಂದೂ ಬಿಡದೆ ಹೇಳಿದರು. ಮಕ್ಕಳು ನಕ್ಕರು. ಮೇಡಂ ನಗುತ್ತಲೇ ಅತ್ತರು. ಅಷ್ಟು ವರ್ಷದ ಭಾರ ಇಳಿದು ಮೈ ಹಗುರಾಗಿತ್ತು. ಅಣ್ಣನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

ಆದರೂ ಚಾಕು ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಯಾರೆಂದು ಗೊತ್ತಾದ ಮೇಲೆ ಕೈ ಹೇಗೆ ಬಂದೀತು? ಮುಂದಿನ ಸಾಲಿನ ಹುಡುಗಿಯೊಬ್ಬಳು ಚಾಕು ತೆಗೆದುಕೊಂಡಳು, ಅತ್ತಿಗೆಯ ಮುಖ ನೋಡಿದಳು, ಮತ್ತೆ ಕೆಳಗಿಟ್ಟಳು. ನಿಯಮ ಮಾಡಿದ್ದು ಇದಕ್ಕೇ ಎಂದು ಮೇಡಂ ಮನಸ್ಸಿನಲ್ಲೇ ಒದ್ದಾಡಿದರು. ಅಣ್ಣ ಬಯಸಿದ್ದು ಇಲ್ಲಿ ಮಲಗುವುದನ್ನಲ್ಲ, ಇಲ್ಲಿ ಕಲಿಸುವುದನ್ನು. ಅದೇ ನಿಂತುಹೋಗಿತ್ತು.

ಅತ್ತಿಗೆ ಸ್ಟೂಲಿನಿಂದ ಎದ್ದರು. ಗಂಡನ ಹಣೆಯ ಮೇಲಿನ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರು. ಆಮೇಲೆ ಟ್ರೇಯಿಂದ ಚಾಕು ತೆಗೆದು, ಹಿಡಿಯ ಕಡೆಯಿಂದ ಆ ಹುಡುಗಿಯ ಕೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಚಿದರು.

‘ಶುರು ಮಾಡು ಮಗಳೇ’ ಎಂದರು. ‘ಹೆದರ್ಕೋಬೇಡ. ಇವರು ಬೈಯೋರಲ್ಲ.’